ಅಂಗಳದ ಈಜುಕೊಳಕ್ಕೆ ಹಸಿರು ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ಮೂಲ್ಕಿಯ ಹತ್ತಿರ ನಮ್ಮದು 25 ಸೆಂಟ್ಸ್ ಜಾಗ. ಮನೆ ಮುಗಿಯುತ್ತ ಬಂದಿದೆ. ಮನೆಯ ದಕ್ಷಿಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲದ ಖಾಲಿ ನೆಲವಿದೆ. ಅದರ ಆಗ್ನೇಯ ಮೂಲೆಯಲ್ಲಿ ಮಾವನವರ ಕಾಲದ ಹಲಸಿನ ಮರ, ಕಾಂಡದ ಸುತ್ತಳತೆ ಎರಡು ಮೀಟರ್ ಇದ್ದೀತು. ಎಂಟು ಮೀಟರ್‌ಗೆ ನಾಲ್ಕು ಮೀಟರ್‌ನ ಈಜುಕೊಳ ಮಾಡಿಸಬೇಕೆಂದಿದ್ದೇವೆ. ಅದರ ಸುತ್ತ ಬಾಲಿಯ ಚಿತ್ರಗಳಲ್ಲಿ ಕಾಣುವಂತೆ ದಟ್ಟ ಹಸಿರು ಇರಬೇಕೆಂಬುದು ನನ್ನ ಆಸೆ. ಗುತ್ತಿಗೆದಾರರು ಕೊಳವನ್ನು ಹಲಸಿನ ಬುಡದ ಪಕ್ಕಕ್ಕೇ ಗುರುತಿಸಿ, ‘ಎಲೆ ಬೀಳುತ್ತದೆ, ಮರ ತೆಗೆಯೋಣ, ಸುತ್ತಲೂ ಕಲ್ಲು ಹಾಸಿ ಅಂಚಿಗೆ ಒಂದು ಸಾಲು ಗಿಡ ಇಡೋಣ’ ಎನ್ನುತ್ತಿದ್ದಾರೆ. ಮನೆಯಲ್ಲಿ ಐದು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಕಾಡಿನಂಥ ತೋಟ ಮತ್ತು ಶುಭ್ರ ನೀರು ಎರಡೂ ಒಟ್ಟಿಗೆ ಸಾಧ್ಯವೇ? ಕ್ಲೋರಿನ್ ಇಲ್ಲದ ಕೊಳ ಮಾಡಬಹುದೇ?

ಉತ್ತರ: ಸಾಧ್ಯ. ಹಲಸಿನ ಮರವನ್ನು ಕಡಿಸಬೇಡಿ. ಜಾಗ ಬದಲಿಸಬೇಕಾದದ್ದು ಕೊಳ. ಅಷ್ಟು ಬಲಿತ ಮರ ಮತ್ತೆ ಬರಲು ಎರಡು ತಲೆಮಾರು ಬೇಕು. ಕೊಳವನ್ನು ನಕ್ಷೆಯ ಮೇಲೆ ಹತ್ತು ಮೀಟರ್ ಸರಿಸಲು ಒಂದು ಪೆನ್ಸಿಲ್ ಸಾಕು.

ಎಲ್ಲಿಗೆ ಸರಿಸುವುದು ಎಂಬುದನ್ನು ಗಾಳಿ ಹೇಳುತ್ತದೆ. ನಿಮ್ಮೂರಿನಲ್ಲಿ ಹಗಲು ಏರಿದ ಮೇಲೆ ಗಾಳಿ ಕಡಲ ಕಡೆಯಿಂದ ಬೀಸುತ್ತದೆ, ಮಳೆಗಾಲದಲ್ಲಿ ನೈಋತ್ಯದಿಂದ. ಎಲೆ ಉದುರಿಸುವ ಮರ ಕೊಳದ ಪಶ್ಚಿಮಕ್ಕಿದ್ದರೆ ಅದರ ಎಲೆಯೆಲ್ಲ ನೀರಿಗೆ ಬರುತ್ತದೆ, ಪೂರ್ವಕ್ಕಿದ್ದರೆ ಬಹುಪಾಲು ಗೋಡೆಯ ಕಡೆಗೆ ಹೋಗುತ್ತದೆ. ನಿಮ್ಮ ಹಲಸು ಆಗ್ನೇಯದಲ್ಲಿದೆ, ಅದು ನಿಮ್ಮ ಪುಣ್ಯ. ಕೊಳವನ್ನು ಪಶ್ಚಿಮಕ್ಕೆ ತನ್ನಿ: ಪಶ್ಚಿಮದ ಆವರಣ ಗೋಡೆಯಿಂದ ನಾಲ್ಕು ಮೀಟರ್ ಬಿಟ್ಟು, ಮನೆಯ ಜಗಲಿಯಿಂದ ಮೂರೂವರೆ ಮೀಟರ್ ಬಿಟ್ಟು, ಉದ್ದವನ್ನು ಪೂರ್ವ–ಪಶ್ಚಿಮವಾಗಿ ಇಡಿ. ಆಗ ಕೊಳದ ಪೂರ್ವದ ತುದಿಗೂ ಹಲಸಿನ ಬುಡಕ್ಕೂ ಹನ್ನೆರಡು ಮೀಟರ್‌ಗಿಂತ ಹೆಚ್ಚು ಅಂತರ ಸಿಗುತ್ತದೆ. ಬಲಿತ ಮರದ ಬೇರು ಕಾಯಲು, ಎದೆಯೆತ್ತರದಲ್ಲಿ ಕಾಂಡ ಎಷ್ಟು ದಪ್ಪವಿದೆಯೋ (ಸುತ್ತಳತೆಯಲ್ಲ, ವ್ಯಾಸ) ಅದರ ಹನ್ನೆರಡು ಪಟ್ಟು ದೂರದವರೆಗೆ ಸುತ್ತಲೂ ಅಗೆಯಬಾರದು. ಎರಡು ಮೀಟರ್ ಸುತ್ತಳತೆಯ ಕಾಂಡಕ್ಕೆ ಅದು ಏಳೂವರೆ ಮೀಟರ್ ಆಗುತ್ತದೆ. ಈ ವೃತ್ತದೊಳಗೆ ಜೆಸಿಬಿ ಓಡಾಡಬಾರದು, ಅಗೆದ ಮಣ್ಣಿನ ರಾಶಿ ಬೀಳಬಾರದು, ಸಿಮೆಂಟ್ ಕಲಸಬಾರದು. ಕೆಲಸ ಆರಂಭವಾಗುವ ಮೊದಲೇ ಗೂಟ ಹೊಡೆದು ಹಗ್ಗ ಕಟ್ಟಿಸಿ. ಮನೆ ಕಟ್ಟಿದ ಮೂರು–ನಾಲ್ಕು ವರ್ಷಕ್ಕೆ ‘ಯಾಕೋ ಮರ ಒಣಗಿತು’ ಎಂದು ಕೇಳಿಬರುವ ಹೆಚ್ಚಿನ ಪ್ರಕರಣಗಳಲ್ಲಿ ಬೇರಿನ ಮೇಲೆ ಲಾರಿ ನಿಂತಿರುತ್ತದೆ.

ಇನ್ನೊಂದು ಲಾಭವೂ ಇದೆ. ಗಾಳಿ ಕೊಳದ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಗುವಾಗ ತೇಲುವ ಎಲೆ, ಹೂವು, ಧೂಳನ್ನೆಲ್ಲ ಪೂರ್ವದ ತುದಿಗೆ ತಳ್ಳುತ್ತದೆ. ಮೇಲ್ನೀರನ್ನು ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಯನ್ನು ಅಲ್ಲಿಯೇ ಇಡಿಸಿ. ಶುದ್ಧವಾದ ನೀರು ಮರಳಿ ಬರುವ ನಳಿಕೆಗಳು ಪಶ್ಚಿಮದಲ್ಲಿರಲಿ. ಬಹಳ ಕಡೆ ಪಂಪಿನ ಕೋಣೆ ಎಲ್ಲಿ ಹತ್ತಿರವೋ ಅಲ್ಲಿ ಸ್ಕಿಮ್ಮರ್ ಕೂರಿಸಿಬಿಡುತ್ತಾರೆ. ಆಮೇಲೆ ದಿನವೂ ಬಲೆ ಹಿಡಿದು ನಿಲ್ಲುವ ಕೆಲಸ ಮನೆಯವರಿಗೆ.

ಈಗ ನಿಮ್ಮ ಆಸೆಯ ದಟ್ಟ ಹಸಿರಿನ ವಿಷಯ. ನಾನು ನೋಡಿದ ಸೊರಗಿದ ಕೊಳದ ತೋಟಗಳೆಲ್ಲ ಒಂದೇ ರೀತಿಯವು: ನಾಲ್ಕೂ ಕಡೆ ಒಂದೊಂದು ಮೀಟರ್ ಅಗಲದ ಮಣ್ಣಿನ ಪಟ್ಟಿ, ಅದರಲ್ಲಿ ಒಂದು ಸಾಲು ಗಿಡ. ಎಷ್ಟು ಗಿಡ ತಂದು ತುಂಬಿದರೂ ಅದು ಬೇಲಿಯಾಗಿ ಕಾಣುತ್ತದೆಯೇ ಹೊರತು ಕಾಡಾಗಿ ಕಾಣುವುದಿಲ್ಲ. ಜೊತೆಗೆ ನಾಲ್ಕೂ ಕಡೆಯಿಂದ ಕಸ ಬೀಳುತ್ತದೆ. ಕಣ್ಣಿಗೆ ಕಾಡಿನ ಭಾವ ಬರುವುದು ಒಂದರ ಹಿಂದೆ ಒಂದು ಪದರ ಇದ್ದಾಗ, ಮುಂದಿನ ಎಲೆಯ ಸಂದಿನಲ್ಲಿ ಹಿಂದಿನ ನೆರಳು ಕಂಡಾಗ. ಅದಕ್ಕೆ ಆಳ ಬೇಕು. ಆದ್ದರಿಂದ ನಾಲ್ಕು ಕಡೆ ಹಂಚುವ ಮಣ್ಣನ್ನೆಲ್ಲ ಒಂದೇ ಕಡೆ ಕೂಡಿಸಿ. ನಿಮ್ಮ ಅಳತೆಯಲ್ಲಿ ಜಗಲಿಯ ಮುಂದಿನ ಮೂರೂವರೆ ಮೀಟರ್, ಕೊಳದ ನಾಲ್ಕು ಮೀಟರ್ ಕಳೆದರೆ ದಕ್ಷಿಣದ ಗೋಡೆಯವರೆಗೆ ಎಂಟೂವರೆ ಮೀಟರ್ ಉಳಿಯುತ್ತದೆ. ಅಷ್ಟನ್ನೂ ಗಿಡಗಳಿಗೆ ಬಿಡಿ. ಜಗಲಿಯಲ್ಲಿ ಕುಳಿತರೆ ಮುಂದೆ ನೀರು, ಅದರಾಚೆ ಏರುತ್ತ ಹೋಗುವ ಹಸಿರು. ಮನೆಯ ಬದಿಗೆ ಕಲ್ಲುಹಾಸು ಮಾತ್ರ. ಪಶ್ಚಿಮಕ್ಕೆ ತಗ್ಗಾದ, ಅಗಲ ಎಲೆಯ ಗಿಡಗಳು. ಪೂರ್ವಕ್ಕೆ ಹಲಸು ಮತ್ತು ಅದರ ನೆರಳಿನಲ್ಲಿ ಕೂರುವ ಜಾಗ.

ದಕ್ಷಿಣದ ಹಸಿರು ಬಿಸಿಲನ್ನು ತಡೆಯುವುದಿಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಡಿಸೆಂಬರ್ ಕೊನೆಯ ನಡುಹಗಲಿಗೆ ನಿಮ್ಮಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕಿರುತ್ತಾನೆ. ಆಗ ಆರು ಮೀಟರ್ ಎತ್ತರದ ಮರದ ನೆರಳು ನಾಲ್ಕೂವರೆ ಮೀಟರ್ ಉದ್ದ. ಗೋಡೆಯ ಹತ್ತಿರ ನೆಟ್ಟ ಮರದ ನೆರಳು ನೀರನ್ನು ಮುಟ್ಟುವುದೇ ಇಲ್ಲ. ಕೊಳದ ಹತ್ತಿರ ಬಂದಂತೆ ಗಿಡದ ಎತ್ತರ ಇಳಿಯುತ್ತ ಬರಬೇಕು, ಅಷ್ಟೆ. ಚಳಿಗಾಲದಲ್ಲೂ ಬಿಸಿಲು ಬಿದ್ದ ನೀರು ಹಿತವಾಗಿರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಆಗ ಈ ಪ್ರಶ್ನೆಯೇ ಇಲ್ಲ.

ಹಿಂದಿನ ಪದರಕ್ಕೆ, ಗೋಡೆಯ ಬದಿಗೆ, ನಿಮ್ಮ ಮಣ್ಣಿನದೇ ನಿತ್ಯಹಸಿರು ಮರಗಳನ್ನು ಹಾಕಿ: ಸುರಗಿ, ಪುನರ್ಪುಳಿ, ಸೀತಾ ಅಶೋಕ, ನಾಗಸಂಪಿಗೆ. ಪುನರ್ಪುಳಿಯ ಕೊಂಬೆಗಳು ಜೋಲಿ ಬಿದ್ದು ನೆಲದವರೆಗೂ ಹಸಿರು ತುಂಬಿರುತ್ತದೆ, ಚಿಗುರು ಕೆಂಪು. ಹಣ್ಣು ಕಲ್ಲುಹಾಸಿನ ಮೇಲೆ ಬಿದ್ದರೆ ಕಲೆ ಹೋಗದು, ಹಾಗಾಗಿ ಅದು ಗೋಡೆಯ ಮೂಲೆಗೇ ಸರಿ. ನಾಗಸಂಪಿಗೆ ನಿಧಾನ, ಆದರೆ ಕಾಯುವುದಕ್ಕೆ ತಕ್ಕ ಮರ. ಸುರಗಿಯ ಪರಿಮಳವನ್ನು ಕರಾವಳಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ನಡುವಿನ ಪದರ ತೋಟದ ಜೀವ. ಇಲ್ಲಿ ಹೆಲಿಕೋನಿಯಾ, ಕೆಂಪು ಹೂಗೊಂಚಲಿನ ಅಲಂಕಾರಿಕ ಶುಂಠಿ, ಕುಳ್ಳ ಬಾಳೆ, ಗುಂಪಾಗಿ ಬೆಳೆಯುವ ಸಣ್ಣ ತಾಳೆ ಜಾತಿಗಳು ಬರಲಿ. ಹೆಲಿಕೋನಿಯಾ ಆರಿಸುವಾಗ ಒಂದು ಸೂಕ್ಷ್ಮವಿದೆ. ನೆಟ್ಟಗೆ ನಿಲ್ಲುವ ಹೂಗೊಂಚಲಿನ ಜಾತಿಗಳಲ್ಲಿ ಪ್ರತಿಯೊಂದು ದೋಣಿಯಾಕಾರದ ಹೂತೊಟ್ಟಿಯಲ್ಲೂ ಮಳೆನೀರು ನಿಲ್ಲುತ್ತದೆ, ಅದು ಸೊಳ್ಳೆಗೆ ತೊಟ್ಟಿಲು. ಗೊಂಚಲು ಕೆಳಗೆ ಜೋತುಬೀಳುವ ರೋಸ್ಟ್ರಾಟಾ ಜಾತಿಯಲ್ಲಿ ಬಾಯಿ ನೆಲದ ಕಡೆಗಿರುವುದರಿಂದ ನೀರು ನಿಲ್ಲುವುದಿಲ್ಲ. ಡೆಂಗಿ ಭಯವಿರುವ ನಮ್ಮ ಕಡೆ ಮನೆಯ ಹತ್ತಿರಕ್ಕೆ ಅದನ್ನೇ ಹಾಕಿ. ಕ್ಲೋರಿನ್ ಸರಿಯಾಗಿದ್ದು ನೀರು ಸುತ್ತುತ್ತಿರುವ ಕೊಳದಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಅದು ಹುಟ್ಟುವುದು ಕುಂಡದ ತಟ್ಟೆಯಲ್ಲಿ, ಎಲೆಯ ಕಂಕುಳಲ್ಲಿ. ಹೆಲಿಕೋನಿಯಾದ ಗೆಡ್ಡೆ ನೆಲದಡಿ ಹರಿದಾಡುತ್ತದೆ, ಆದ್ದರಿಂದ ಅದರ ಪಾತಿಯ ಸುತ್ತ ಅರ್ಧ ಮೀಟರ್ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಕಲ್ಲಿನ ತಡೆ ಹೂಳಿಸಿ.

ಮುಂದಿನ ಪದರಕ್ಕೆ ಕೇಪಳ, ಜರೀಗಿಡಗಳು, ಕೆಸು. ಕೇಪಳ ಮುರಕಲ್ಲಿನ ಗುಡ್ಡದಲ್ಲಿ ತಾನಾಗಿಯೇ ಬೆಳೆಯುವ ಗಿಡ. ಆದರೆ ಹೊಸ ಮನೆಗಳಲ್ಲಿ ಕೊಳದ ಅಂಚಿಗೆ ನೆಟ್ಟ ಕೇಪಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ಮಾಲಿ ಗೊಬ್ಬರ ಸುರಿಯುತ್ತಾನೆ, ಗುಣವಾಗುವುದಿಲ್ಲ. ಕಾರಣ ಮಣ್ಣಿನಡಿ ಹೂತುಹೋದ ಸಿಮೆಂಟ್ ಚೂರು. ಅದರ ಸುಣ್ಣದ ಅಂಶ ಹುಳಿಮಣ್ಣನ್ನು ಕ್ಷಾರವಾಗಿಸುತ್ತದೆ, ಆಗ ಗಿಡಕ್ಕೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ಕೊಳದ ಕೆಲಸ ಮುಗಿದ ಮೇಲೆ ಅಂಚಿನ ಅರ್ಧ ಮೀಟರ್ ಆಳದ ಮಣ್ಣನ್ನು ಪೂರ್ತಿ ತೆಗೆಸಿ, ಮೇಲ್ಮಣ್ಣು, ಹಟ್ಟಿಗೊಬ್ಬರ ಮತ್ತು ತರಗೆಲೆ ಬೆರೆಸಿ ತುಂಬಿಸಿ. ಮುರಕಲ್ಲು ಗಟ್ಟಿಯಿರುವಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ನೀರು ತುಂಬಿದ ಹಂಡೆಯಾಗುತ್ತದೆ. ಒಂದು ಬದಿಯಿಂದ ಕಾಲುವೆ ಕಡಿದು ನೀರು ಹೊರಹೋಗುವಂತೆ ಮಾಡದಿದ್ದರೆ ಬೇರು ಕೊಳೆಯುತ್ತದೆ.

ಜಾತಿಗಳು ಕಡಿಮೆಯಿರಲಿ, ಗುಂಪು ದೊಡ್ಡದಿರಲಿ. ನಲವತ್ತು ಜಾತಿಯ ಒಂದೊಂದು ಗಿಡ ತಂದರೆ ನರ್ಸರಿಯಂತೆ ಕಾಣುತ್ತದೆ. ಹತ್ತೇ ಜಾತಿ ಆರಿಸಿ ಒಂದೊಂದನ್ನೂ ಇಪ್ಪತ್ತು–ಮೂವತ್ತರ ಗುಂಪಿನಲ್ಲಿ ನೆಡಿ. ಬ್ರೆಜಿಲ್‌ನ ಉದ್ಯಾನ ವಿನ್ಯಾಸಕ ರೊಬೆರ್ತೊ ಬುರ್ಲೆ ಮಾರ್ಕ್ಸ್ ತಮ್ಮ ದೇಶದ ಕಾಡುಗಿಡಗಳನ್ನು ಹೀಗೆ ದೊಡ್ಡ ದೊಡ್ಡ ಗುಂಪುಗಳಲ್ಲಿ ನೆಟ್ಟು ಉಷ್ಣವಲಯದ ತೋಟದ ಕಣ್ಣನ್ನೇ ಬದಲಿಸಿದರು. ನಿಮಗೆ ಇನ್ನೂ ಹತ್ತಿರದ ಮಾದರಿ ಶ್ರೀಲಂಕಾದ ಬೆಂತೋಟದಲ್ಲಿದೆ. ವಾಸ್ತುಶಿಲ್ಪಿ ಜೆಫ್ರಿ ಬಾವಾ 1948ರಿಂದ ದಶಕಗಳ ಕಾಲ ರೂಪಿಸಿದ ಲುನುಗಂಗಾ ತೋಟ ಅದು. ನಿಮ್ಮಂತೆಯೇ ಸೆಖೆ, ನಿಮ್ಮಂತೆಯೇ ಮಳೆ. ಅಲ್ಲಿ ಗೋಸಂಪಿಗೆ ಮರದ ಕೊಂಬೆಗಳಿಗೆ ಭಾರ ಕಟ್ಟಿ, ತಮಗೆ ಬೇಕಾದ ಕಡೆಗೆ ನಿಧಾನವಾಗಿ ಬಾಗಿಸಿದ್ದರು. ಬಾಲಿಯ ಚಿತ್ರಗಳಲ್ಲಿ ನೀವು ಮೆಚ್ಚಿದ ಗಿಡಗಳಲ್ಲಿ ಗೋಸಂಪಿಗೆ, ಹೆಲಿಕೋನಿಯಾಗಳ ಮೂಲ ಅಮೆರಿಕ ಖಂಡ. ಅವು ಬಾಲಿಗೂ ಹೊರಗಿನಿಂದ ಬಂದವು. ಅವುಗಳ ಜೊತೆ ನಿಮ್ಮ ಸುರಗಿ, ಕೇಪಳ, ಪುನರ್ಪುಳಿ ನಿಂತಾಗ ಆ ತೋಟ ಮೂಲ್ಕಿಯದಾಗುತ್ತದೆ. ಹಲಸಿನ ಕಾಂಡಕ್ಕೆ ನರ್ಸರಿಯಲ್ಲಿ ಬೆಳೆಸಿದ ಸೀತಾಳೆ ದಂಡೆ ಕಟ್ಟಿ. ಕಾಡಿನಿಂದ ಕಿತ್ತು ತಂದದ್ದನ್ನು ಕೊಳ್ಳಬೇಡಿ. ಮಳೆ ಹಿಡಿದ ಮೇಲೆ ಅದೇ ಕಾಂಡದ ಸಂದಿನಲ್ಲಿ ಮರಕೆಸು ಎದ್ದರೆ ಪತ್ರೊಡೆಗೂ ಆಯಿತು.

ಯಾವ ಗಿಡ ನೀರಿನ ಹತ್ತಿರ ಬರಬಹುದು ಎಂಬುದಕ್ಕೆ ನನ್ನ ಅಳತೆ ಎಲೆಯ ಗಾತ್ರ. ಅಂಗೈಯಗಲದ ಎಲೆ ತೇಲುತ್ತದೆ, ಒಮ್ಮೆ ಬಲೆ ಎಳೆದರೆ ಮುಗಿಯಿತು. ಹಲಸಿನ ಎಲೆಯೂ ಅಂಥದ್ದೇ. ಹುಣಸೆ, ನೆಲ್ಲಿ, ಗುಲ್‌ಮೊಹರ್‌ಗಳ ಪುಡಿ ಎಲೆ ಮತ್ತು ಗಾಳಿಮರದ ಸೂಜಿ ಎಲೆಗಳು ಸ್ಕಿಮ್ಮರ್ ಬುಟ್ಟಿಯ ಕಣ್ಣಿನಲ್ಲಿ ನುಸುಳಿ ಪಂಪಿನವರೆಗೆ ಹೋಗುತ್ತವೆ. ಇವು ಆವರಣದೊಳಗೇ ಬೇಡ. ರೆಂಜೆ ಮತ್ತು ಪಾರಿಜಾತ ಎಷ್ಟೇ ಪ್ರಿಯವಾಗಿದ್ದರೂ ಬೆಳಗಾಗುವಾಗ ನೆಲ ತುಂಬ ಸಣ್ಣ ಹೂ ಚೆಲ್ಲುತ್ತವೆ. ಅವನ್ನು ಹೂ ಆಯುವವರಿಗೆ ಅನುಕೂಲವಾಗುವಂತೆ ಗೇಟಿನ ಕಡೆ ನೆಡಿ. ಬಿದಿರು, ಆಲ–ಅತ್ತಿಯ ಬಳಗ ಕೊಳದ ಗೋಡೆಗೂ ಪೈಪಿಗೂ ಶತ್ರು. ಕಣಗಿಲೆಯ ಎಲ್ಲ ಭಾಗವೂ ವಿಷ, ಮಕ್ಕಳಿರುವ ಮನೆಯಲ್ಲಿ ಕೊಳದ ಬಳಿ ಅದು ಕೂಡದು. ತೆಂಗಿನ ಮರ ಚಿತ್ರದಲ್ಲಿ ಚೆನ್ನ. ಈಜುವವರ ತಲೆಯ ಮೇಲೆ ಕಾಯಿ ಮತ್ತು ಮಡಲು ತೂಗುವುದು ಚೆನ್ನಲ್ಲ, ಕೊಳದಿಂದ ಏಳೆಂಟು ಮೀಟರ್ ಆಚೆಗಿರಲಿ.

ಹುಲ್ಲುಹಾಸನ್ನು ನಾನು ಸೂಚಿಸುವುದಿಲ್ಲ. ಕತ್ತರಿಸಿದ ಹುಲ್ಲು ಒದ್ದೆ ಪಾದಕ್ಕೆ ಅಂಟಿ ನೇರವಾಗಿ ನೀರಿಗೆ ಹೋಗುತ್ತದೆ.

ಗಿಡ ಮತ್ತು ನೀರಿನ ನಡುವಿನ ಗಡಿಯೇ ಇಡೀ ವಿನ್ಯಾಸದ ಸೂಕ್ಷ್ಮ ಜಾಗ. ಕೊಳದ ನೀರು ಹಸಿರಾಗುವುದಕ್ಕೆ ಎಲೆಗಿಂತ ದೊಡ್ಡ ಕಾರಣ ಗೊಬ್ಬರದ ನೀರು. ಮಳೆ ಹೊಡೆದಾಗ ಪಾತಿಯ ಸಾರಜನಕ, ರಂಜಕ ಕೊಳಕ್ಕೆ ಹರಿದರೆ ಪಾಚಿಗೆ ಹಬ್ಬ. ಆದ್ದರಿಂದ ಕೊಳದ ಅಂಚುಗಲ್ಲು ಪಾತಿಯ ಮಣ್ಣಿಗಿಂತ ಐದಾರು ಸೆಂಟಿಮೀಟರ್ ಎತ್ತರವಿರಲಿ, ಪಾತಿ ಗೋಡೆಯ ಕಡೆಗೆ ಇಳಿಜಾರಾಗಲಿ. ಅಂಚುಗಲ್ಲು ಮತ್ತು ಪಾತಿಯ ನಡುವೆ ಮುಕ್ಕಾಲು ಮೀಟರ್ ಅಗಲದ ಜಲ್ಲಿಯ ಪಟ್ಟಿ, ಅದರಡಿ ಚರಂಡಿ. ಹಾವು ಅಡ್ಡ ಬಂದರೂ ಆ ಬೋಳು ಪಟ್ಟಿಯ ಮೇಲೆ ಕಣ್ಣಿಗೆ ಬೀಳುತ್ತದೆ. ಅಗಲ ಎಲೆಗಳು ಪಟ್ಟಿಯ ಮೇಲೆ ಬಾಗಿದರೆ ಜಗಲಿಯಿಂದ ನೋಡುವವರಿಗೆ ಹಸಿರು ನೀರಿಗೇ ಮುಟ್ಟಿದಂತೆ ಕಾಣುತ್ತದೆ. ಕಪ್ಪೆ ಬಿದ್ದೇ ಬೀಳುತ್ತದೆ. ರಾತ್ರಿ ಹೊತ್ತು ಒಂದು ಒರಟು ಹಲಗೆಯನ್ನು ಅಂಚಿನಿಂದ ನೀರಿಗೆ ಇಳಿಬಿಟ್ಟರೆ ಹತ್ತಿ ಹೋಗುತ್ತದೆ.

ಅಂಚಿಗೆ ಮುರಕಲ್ಲು ಹಾಸಬೇಡಿ. ನೋಡಲು ಚಂದ, ಜುಲೈ ತಿಂಗಳಲ್ಲಿ ಪಾಚಿ ಹಿಡಿದು ಕಾಲು ಜಾರಿಸುತ್ತದೆ. ಉರಿ ತಾಗಿಸಿ ಒರಟು ಮಾಡಿದ ಶಿಲೆಕಲ್ಲು ಒಳ್ಳೆಯದು. ಮುರಕಲ್ಲನ್ನು ಹಿಂದಿನ ಗೋಡೆಗೆ ಬಳಸಿ. ಹಸಿರಿನ ಹಿಂದೆ ಆ ಕೆಂಪಿಗೆ ಸಾಟಿಯಿಲ್ಲ. ಕೊಳದ ಒಳಗೆ ತಿಳಿನೀಲಿ ಹೆಂಚು ಬೇಡ, ದಟ್ಟ ಹಸಿರಿನ ನಡುವೆ ಅದು ಕಣ್ಣಿಗೆ ಹೊಡೆಯುತ್ತದೆ. ನಸು ಬೂದು–ಹಸಿರು ಹಾಕಿದರೆ ನೀರು ಹಳೆಯ ಕೆರೆಯ ಬಣ್ಣಕ್ಕೆ ಬರುತ್ತದೆ. ಪೂರ್ತಿ ಕಪ್ಪು ಮಾತ್ರ ಬೇಡ, ಮಕ್ಕಳು ಮುಳುಗಿದ್ದು ತಳದಲ್ಲಿ ಕಾಣದಂತಾಗಬಾರದು.

ಅದೇ ಕಾರಣಕ್ಕೆ ಬೇಲಿ. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಐದು ವರ್ಷದ ಮಗು ಸದ್ದಿಲ್ಲದೆ ಮುಳುಗುತ್ತದೆ. ಕೊಳದ ನಾಲ್ಕೂ ಕಡೆ, ಮನೆಯ ಬದಿಗೂ ಸೇರಿ, ಕನಿಷ್ಠ 1.2 ಮೀಟರ್ ಎತ್ತರದ ಬೇಲಿ ಇರಲಿ. ನಿಲುಸರಳುಗಳ ಸಂದು ಹತ್ತು ಸೆಂಟಿಮೀಟರ್ ಮೀರದಿರಲಿ. ಗೇಟು ತಾನಾಗಿ ಮುಚ್ಚಿ ತಾನಾಗಿ ಚಿಲಕ ಹಾಕಿಕೊಳ್ಳಬೇಕು, ಹೊರಮುಖವಾಗಿ ತೆರೆಯಬೇಕು. ಕಪ್ಪು ಬಣ್ಣ ಬಳಿದು ಗಿಡಗಳ ನಡುವೆ ಹಾಯಿಸಿದರೆ ಆರು ತಿಂಗಳಲ್ಲಿ ಬೇಲಿ ಇದೆಯೆಂದೇ ತಿಳಿಯದು. ನೀರೊಳಗಿನ ದೀಪ 12 ವೋಲ್ಟ್‌ನದ್ದೇ ಆಗಿರಲಿ, ಪಂಪಿನ ವಿದ್ಯುತ್ ಮಾರ್ಗಕ್ಕೆ 30 ಮಿಲಿ ಆಂಪಿಯರ್ ವಿದ್ಯುತ್ ಸೋರಿದರೆ ತಾನಾಗಿ ಕಡಿತವಾಗುವ ಸುರಕ್ಷಾ ಸ್ವಿಚ್ (ಆರ್‌ಸಿಸಿಬಿ) ಹಾಕಿಸಿ. ಆಳ ಒಂದೂವರೆ ಮೀಟರ್ ಸಾಕು.

ಮಳೆಯ ಬಗ್ಗೆ ನಿಮ್ಮ ಗುತ್ತಿಗೆದಾರರನ್ನು ಒಂದು ಪ್ರಶ್ನೆ ಕೇಳಿ: ಅಂತರ್ಜಲದ ಒತ್ತಡ ಬಿಡಿಸುವ ಕವಾಟ ಹಾಕುತ್ತೀರಾ? ಸರಾಸರಿ 1.3 ಮೀಟರ್ ಆಳದಲ್ಲಿ ನಿಮ್ಮ ಕೊಳ ಸುಮಾರು 42 ಸಾವಿರ ಲೀಟರ್ ಹಿಡಿಯುತ್ತದೆ, ಅಂದರೆ 42 ಟನ್ ಭಾರ. ಆ ಭಾರವೇ ತೊಟ್ಟಿಯನ್ನು ನೆಲದಲ್ಲಿ ಒತ್ತಿ ಹಿಡಿದಿರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ, ಬಾವಿಯ ನೀರು ಕೈಗೆಟಕುವ ಜುಲೈ ತಿಂಗಳಲ್ಲಿ, ತೊಳೆಯಲೆಂದು ಕೊಳ ಖಾಲಿ ಮಾಡಿದರೆ ಸುತ್ತಲಿನ ನೆಲದ ನೀರು ಅದನ್ನು ದೋಣಿಯಂತೆ ಎತ್ತಿಬಿಡಬಲ್ಲದು. ತಳ ಸೀಳುತ್ತದೆ, ಪೈಪು ಮುರಿಯುತ್ತದೆ. ತಳದಡಿ ಜಲ್ಲಿಯ ಪದರ, ಅದರಲ್ಲಿ ಕವಾಟ ಇರಲೇಬೇಕು. ಕವಾಟ ಇದ್ದರೂ ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಕೊಳದ ಮೇಲೆಯೇ 3,200 ಲೀಟರ್ ಬೀಳುತ್ತದೆ, ಹಾಗಾಗಿ ಉಕ್ಕುನೀರಿಗೆ ಪ್ರತ್ಯೇಕ ಕೊಳವೆಯೂ ಬೇಕು.

ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿ. ಹೆಂಚಿನ ಸಂದಿನ ಗಾರೆಯನ್ನು ಅದು ನಿಧಾನವಾಗಿ ತಿನ್ನುತ್ತದೆ. ಕ್ಯಾಲ್ಸಿಯಂ ಗಡಸುತನ 200 ಪಿಪಿಎಂಗಿಂತ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಕೆಳಗಿಳಿಯದಂತೆ, ಪಿಎಚ್ 7.2ರಿಂದ 7.6ರ ನಡುವೆ, ಕ್ಲೋರಿನ್ 1ರಿಂದ 3 ಪಿಪಿಎಂ ಇರುವಂತೆ ನೋಡಿಕೊಳ್ಳಿ. ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣವಿದ್ದರೆ ಕ್ಲೋರಿನ್ ತಾಗಿದೊಡನೆ ಕಂದಾಗುತ್ತದೆ, ತುಂಬಿಸುವ ಮೊದಲೇ ಪರೀಕ್ಷೆ ಮಾಡಿಸಿ.

ಕ್ಲೋರಿನ್ ಇಲ್ಲದ ಕೊಳದ ಬಗ್ಗೆ ಕೇಳಿದ್ದೀರಿ. ಗಿಡಗಳ ಬೇರಿನಿಂದಲೇ ನೀರು ಶುದ್ಧಿಯಾಗುವ ಪದ್ಧತಿ ಇದೆ, ಯುರೋಪಿನ ತಂಪು ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಈಜುವ ಜಾಗಕ್ಕೆ ಹೆಚ್ಚುಕಡಿಮೆ ಸಮನಾದ ಇನ್ನೊಂದು ಗಿಡದ ಕೊಳ ಬೇಕು. ವರ್ಷವಿಡೀ ಬೆಚ್ಚಗಿರುವ ನಿಮ್ಮ ನೀರಿನಲ್ಲಿ ಪಾಚಿಯೂ ರೋಗಾಣುವೂ ವೇಗವಾಗಿ ಬೆಳೆಯುತ್ತವೆ. ಸಣ್ಣ ಮಕ್ಕಳಿರುವ ನಿಮ್ಮ ಮನೆಗೆ ನಾನು ಅದನ್ನು ಹೇಳಲಾರೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವೂ ಈ ತೋಟಕ್ಕೆ ಹೊಂದುವುದಿಲ್ಲ. ಅದರಲ್ಲಿ ಲೀಟರಿಗೆ ಮೂರು–ನಾಲ್ಕು ಗ್ರಾಂ ಉಪ್ಪಿರುತ್ತದೆ. ಶೋಧಕ ತೊಳೆದ ಆ ನೀರನ್ನು ತೆಂಗಿನ ಬುಡ ಸಹಿಸೀತು, ಜರೀಗಿಡ ಸಹಿಸದು. ಸಾಮಾನ್ಯ ಕ್ಲೋರಿನ್ ಆದರೆ ಆ ನೀರನ್ನು ಎರಡು–ಮೂರು ದಿನ ತೆರೆದ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟು ಗೋಡೆಯ ಬದಿಯ ಮರಗಳಿಗೆ ಬಿಡಬಹುದು.

ಕಾಲದ ಲೆಕ್ಕ ಹೀಗಿರಲಿ. ಡಿಸೆಂಬರ್‌ನಲ್ಲಿ ಅಗೆತ, ಮಾರ್ಚ್ ಒಳಗೆ ತೊಟ್ಟಿ, ಏಪ್ರಿಲ್–ಮೇ ತಿಂಗಳಲ್ಲಿ ಕಲ್ಲುಹಾಸು ಮತ್ತು ಮಣ್ಣು ತುಂಬಿಸುವುದು. ಜೂನ್‌ನಲ್ಲಿ ಮಳೆ ಹಿಡಿದೊಡನೆ ಗಿಡ. ಮರಗಳ ನಡುವೆ ಮೂರು ಮೀಟರ್, ಹೆಲಿಕೋನಿಯಾ ನಡುವೆ ಮುಕ್ಕಾಲು ಮೀಟರ್ ಬಿಡಿ. ಮೊದಲ ವರ್ಷ ಖಾಲಿ ಕಂಡು ಬೇಸರವಾಗುತ್ತದೆ, ಸಂದಿಗೆ ಅರಿಶಿನ, ಕೆಸು ಹಾಕಿ ತುಂಬಿ; ಹೆಚ್ಚು ಗಿಡ ತುರುಕಬೇಡಿ. ಡಿಸೆಂಬರ್‌ನಿಂದ ಹನಿ ನೀರಾವರಿ ಮತ್ತು ಬುಡಕ್ಕೆ ದಪ್ಪ ತರಗೆಲೆ ಹೊದಿಕೆ ಬೇಕು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೂ ಕೊಳವೊಂದೇ 160 ಲೀಟರ್ ಕೇಳುತ್ತದೆ, ಬಾವಿಗೆ ಅದನ್ನೂ ತೋಟವನ್ನೂ ಒಟ್ಟಿಗೆ ಪೂರೈಸುವ ಶಕ್ತಿ ಇದೆಯೇ ಎಂದು ಮೇ ತಿಂಗಳ ಮಟ್ಟ ನೋಡಿಯೇ ನಿರ್ಧರಿಸಿ.

ಮೂರನೇ ವರ್ಷದಿಂದ ಕೆಲಸದ ರೀತಿ ಬದಲಾಗುತ್ತದೆ, ನೆಡುವುದಕ್ಕಿಂತ ತೆಗೆಯುವುದು ಹೆಚ್ಚು. ಹೆಲಿಕೋನಿಯಾದ ಒಂದು ಕಾಂಡ ಒಮ್ಮೆ ಮಾತ್ರ ಹೂ ಬಿಡುತ್ತದೆ. ಹೂ ಮುಗಿದದ್ದನ್ನು ಬುಡದಿಂದ ಕಡಿದರೆ ಗಾಳಿ ಆಡುತ್ತದೆ, ಹೊಸ ಕಂದು ಏಳುತ್ತದೆ. ಕಡಿದದ್ದನ್ನು ಸುಡದೆ ಕತ್ತರಿಸಿ ಹಲಸಿನ ಬುಡಕ್ಕೆ ಹರಡಿಸಿ. ಮಾಲಿಗೆ ವಾರಕ್ಕೆ ಅರ್ಧ ದಿನದ ಕೆಲಸ. ಅವರಿಗೆ ಗಿಡಗಳ ಜೊತೆ ಸ್ಕಿಮ್ಮರ್ ಬುಟ್ಟಿ ತೆಗೆದು ತೊಳೆಯುವುದನ್ನೂ ಮೊದಲ ವಾರವೇ ಕಲಿಸಿಕೊಡಿ.